ಎರಡು ಹೊತ್ತೂ ನೀರು ಹಾಕುವವರು

ನಮ್ಮ ಅಪ್ಪ ತಿಂಗಳಿಗೊಮ್ಮೆ ಬೂದಿಕೋಟೆಯಿಂದ ಬಂಗಾರಪೇಟೆಗೆ ಬರುತ್ತಿದ್ದದ್ದು ಹಸುಗಳಿಗೆ ಹಿಂಡಿ, ಬೂಸಾ ಕೊಳ್ಳುವುದಕ್ಕೆ. ಬರುವಾಗ ಖಾಲಿ ಚೀಲದ ಜೊತೆಗೆ ಕೈಯಲ್ಲಿ ಒಂದು ಸಸಿ ಇದ್ದೇ ಇರುತ್ತಿತ್ತು. ಬದನೆ, ಮೆಣಸು, ಕನಕಾಂಬರ, ಒಮ್ಮೆ ದಾಳಿಂಬೆ. ಬೇರಿಗೆ ಒದ್ದೆ ಮಣ್ಣು ಮೆತ್ತಿ, ಬಾಳೆ ಎಲೆ ಸುತ್ತಿ, ಬಸ್ಸಿನ ನೂಕುನುಗ್ಗಲಲ್ಲಿ ಎದೆಗೆ ಒತ್ತಿಕೊಂಡು ತರುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈಗೆ ಕೊಡುವಾಗ ಅದೇ ಮಾತು.

"ಅಳಿಯಂದ್ರಿಗೆ ಕೊಡಮ್ಮಾ. ಗಿಡ ಅಂದ್ರೆ ಪ್ರಾಣ ಅಲ್ವಾ ಅವ್ರಿಗೆ."

ನಮ್ಮನೆಯವರಿಗೆ ಗಿಡ ಅಂದರೆ ಪ್ರಾಣ ಎಂದು ಅಪ್ಪನ ತಲೆಗೆ ತುಂಬಿದವರು ಯಾರೋ ನನಗೆ ಗೊತ್ತಿರಲಿಲ್ಲ. ನಮ್ಮನೆಯವರು ದಾವಣಗೆರೆ ಕಡೆಯವರು, ಕೆ.ಜಿ.ಎಫ್.ನಲ್ಲಿ ಕಾರ್ಖಾನೆ ಕೆಲಸ. ಮದುವೆಯಾಗಿ ಆರು ವರ್ಷವಾಗಿದ್ದರೂ ಅವರು ತುಳಸಿಗೆ ಒಂದು ಚೊಂಬು ನೀರು ಹಾಕಿದ್ದನ್ನು ನಾನು ಕಂಡಿರಲಿಲ್ಲ. ಅವರಿಗೆ ಪ್ರಾಣವಾಗಿದ್ದದ್ದು ಬಾಟಲಿ. ಸಂಬಂಧ ತಂದ ದಲ್ಲಾಳಿ ಬಾಯಿಗೆ ಬಂದದ್ದನ್ನು ಹೇಳಿ ಹೋಗಿರಬೇಕು ಎಂದುಕೊಂಡು, ಪ್ರತಿ ಸಸಿ ನೆಡುವಾಗಲೂ ಅವನಿಗೆ ಮನಸಾರೆ ಶಾಪ ಹಾಕುತ್ತಿದ್ದೆ.

ನೆಡುತ್ತಿದ್ದವಳು ನಾನೇ, ನೀರು ಹಾಕುತ್ತಿದ್ದವಳೂ ನಾನೇ. ಆಗ ನಾವು ಕೆ.ಜಿ.ಎಫ್.ನೊಳಗಿನ ಊರಿಗಾಂನಲ್ಲಿ ಸಾಲುಮನೆಯೊಂದರಲ್ಲಿ ಬಾಡಿಗೆಗಿದ್ದೆವು. ನಲ್ಲಿ ಬರುತ್ತಿದ್ದದ್ದು ದಿನ ಬಿಟ್ಟು ದಿನ. ಅದರಲ್ಲಿ ಎರಡು ಬಿಂದಿಗೆ ಆ ಗಿಡಗಳಿಗೆ ಹೋಗುತ್ತಿತ್ತು. ಯುಗಾದಿಗೋ ಗೌರಿ ಹಬ್ಬಕ್ಕೋ ಅಪ್ಪ ಮನೆಗೆ ಬಂದಾಗ ಬಾಗಿಲ ಮುಂದೆ ಹಸಿರು ಕಾಣಬೇಕಲ್ಲ. ಕಂಡರೆ ಅವರು ಅಳಿಯನ ಕೈಗುಣ ಹೊಗಳಿ ಹೋಗುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ತಲೆಯಾಡಿಸಿದ ಮೇಲೆ ಇಡೀ ದಿನ ನನಗೆ ನನ್ನನ್ನೇ ಕಂಡರೆ ಆಗುತ್ತಿರಲಿಲ್ಲ.

ಉಳಿದ ತಿಂಗಳುಗಳಲ್ಲಿ ಅಪ್ಪ ಮನೆಗೆ ಬಾರದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಅದಕ್ಕೇ ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ನಾನೇ ಬಂಗಾರಪೇಟೆಗೆ ಓಡುತ್ತಿದ್ದೆ. "ಇಷ್ಟ್ ದೂರ ಬಂದಿವ್ನಿ, ಮನೆಗೆ ಬಂದು ಅಳಿಯಂದ್ರನ್ನ ನೋಡ್ಕೊಂಡ್ ಓಗ್ತೀನಮ್ಮಾ" ಎಂದರೆ ಉತ್ತರ ಸಿದ್ಧವಾಗಿರುತ್ತಿತ್ತು: "ನೈಟ್ ಶಿಫ್ಟು ಅಪ್ಪಾ. ಮಲಗಿರ್ತಾರೆ."

ಆ ಊರಿನಲ್ಲಿ ಇದಕ್ಕಿಂತ ಗಟ್ಟಿಯಾದ ಬಾಗಿಲು ಬೇರೆ ಇರಲಿಲ್ಲ. ಗಣಿಯೂರು ಅದು. ಹಗಲು ಮಲಗಿದ ಗಂಡಸನ್ನು ಅಲ್ಲಿ ಯಾರೂ ಎಬ್ಬಿಸುವುದಿಲ್ಲ. ಅವನ ಮನೆ ಮುಂದೆ ಮಕ್ಕಳು ಗೋಲಿ ಆಡುವುದಿಲ್ಲ, ಪಾತ್ರೆ ಮಾರುವವನು ಕೂಗುವುದಿಲ್ಲ. ರಾತ್ರಿಯೆಲ್ಲ ನೆಲದೊಳಗೆ ದುಡಿದು ಬಂದವನಿಗೆಂದು ಹುಟ್ಟಿದ ಆ ಮರ್ಯಾದೆಯನ್ನು ಕುಡಿದು ಬಿದ್ದವರ ಹೆಂಡತಿಯರು ನಾವು ಎರವಲು ಪಡೆದಿದ್ದೆವು. ನಮ್ಮ ಸಾಲಿನಲ್ಲೇ ಎಷ್ಟೋ ಮನೆಗಳಲ್ಲಿ ವರ್ಷವಿಡೀ ನೈಟ್ ಶಿಫ್ಟು. ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು.

ಕೂತಲ್ಲಿ ಕೂರುವುದು ನನಗೆ ಮರೆತೇಹೋಗಿತ್ತು. ಒಲೆ ಮೇಲೆ ಅನ್ನ ಇಟ್ಟು ಬಾಗಿಲಿಗೆ ಬರುವುದು, ಬಾಗಿಲಿಂದ ಹಿತ್ತಲಿಗೆ, ಹಿತ್ತಲಿಂದ ಮತ್ತೆ ಬಾಗಿಲಿಗೆ. ಸಂಜೆ ಅವರ ಸೈಕಲ್ಲಿನ ಸದ್ದಿಗೆ ಕಿವಿ. ಚೈನ್ ಒಂದೇ ಸಮನೆ ಕಟಕಟ ಅಂದರೆ ತುಳಿದುಕೊಂಡು ಬರುತ್ತಿದ್ದಾರೆ, ಪರವಾಗಿಲ್ಲ. ನಿಂತು ನಿಂತು ಅಂದರೆ ತಳ್ಳಿಕೊಂಡು ಬರುತ್ತಿದ್ದಾರೆ, ಮುಗಿಯಿತು. ಸೈಕಲ್ಲೇ ಬಾರದ ದಿನ ಇನ್ನೂ ಕಷ್ಟ. ಊಟಕ್ಕೆ ಕೂತರೂ ಒಂದು ಕಾಲು ಮಡಿಸಿ ಒಂದು ಕಾಲು ಊರಿಯೇ ಕೂರುತ್ತಿದ್ದೆ.

ಒಂದು ಬೆಳಿಗ್ಗೆ ಅಂಚೆಯವನು ಬಂದ. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ, ಅಲ್ಲಿಂದ ನೇರ ಬಾಗಿಲು ಕಾಣುತ್ತಿತ್ತು. ನಾಲ್ಕು ವರ್ಷದ ನನ್ನ ಮಗಳು ಬಾಗಿಲಿಗೆ ಹೋಗಿ, ತುಟಿಯ ಮೇಲೆ ಬೆರಳಿಟ್ಟು, "ಶ್... ಅಪ್ಪಂದು ನೈಟ್ ಶಿಫ್ಟು, ಮಲಗಿದ್ದಾರೆ" ಎಂದಳು. ಎಷ್ಟು ಚೆನ್ನಾಗಿ ಹೇಳಿದಳೆಂದರೆ ಅಂಚೆಯವನು ಕಾಲ ಸದ್ದಾಗದಂತೆ ಹೊರಟುಹೋದ. ಆ ಸುಳ್ಳನ್ನು ನಾನು ಅವಳಿಗೆ ಕಲಿಸಿರಲಿಲ್ಲ. ನೋಡಿ ನೋಡಿ ಕಲಿತಿದ್ದಳು. ಕೈಯಲ್ಲಿದ್ದ ಬಟ್ಟೆಯನ್ನು ಒಗೆಯುವ ಕಲ್ಲಿಗೆ ಬಡಿದ ಬಡಿತಕ್ಕೆ ಗುಂಡಿಗಳೆಲ್ಲ ಹಾರಿದವು.

ಗೋಡೆಯಾಚೆಯಿಂದ ಪಕ್ಕದ ಮನೆಯ ಅಕ್ಕ ಇಣುಕಿದರು. ತಮಿಳಿನವರು, ಶಾಲೆಯೊಂದರಲ್ಲಿ ಆಯಾ. ಗಣಿಯಲ್ಲಿದ್ದ ಅವರ ಗಂಡ ಕುಡಿದು ಕುಡಿದೇ ಹೋಗಿದ್ದರು.

"ಯಾಕ್‌ಮಾ ಹಂಗೆ ಬಡೀತೀಯಾ? ಶನಿವಾರ ಮಧ್ಯಾಹ್ನ ಸ್ಕೂಲ್‌ಗೆ ಬಾ. ವೈರ್ ಬ್ಯಾಗ್ ಹಾಕೋದು ಹೇಳ್ಕೊಡ್ತೀನಿ."

"ನಂಗೆ ಬರುತ್ತೆ ಅಕ್ಕ."

"ಬಂದ್ರೂ ಬಾ ಮಾ."

ಹೋದೆ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಒಂದನೇ ತರಗತಿಯ ಕೋಣೆ. ಗಿಡ್ಡ ಬೆಂಚುಗಳ ಮೇಲೆ ಏಳೆಂಟು ಹೆಂಗಸರು ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದರು. ಪ್ರತಿಯೊಬ್ಬರ ತೊಡೆಯ ಮೇಲೂ ಅರ್ಧ ಹೆಣೆದ ಪ್ಲಾಸ್ಟಿಕ್ ವೈರಿನ ಚೀಲ. ಮನೆಯಲ್ಲಿ ಕೇಳಿದರೆ ತೋರಿಸಲಿಕ್ಕೆ ಅದು. ಎಲ್ಲರೂ ಕುಡಿಯುವವರ ಮನೆಯವರು. ನನಗೆ ತಟ್ಟನೆ ಎದ್ದು ಹೊರಟುಬಿಡಬೇಕು ಅನ್ನಿಸಿತು. ನನ್ನ ಮನೆಯ ವಿಷಯ ಮಾತ್ರ ಯಾರಿಗೂ ಗೊತ್ತಿಲ್ಲ ಎಂದು ನಾನು ನಂಬಿದ್ದೆ, ಎಂಥ ಪೆದ್ದಿ.

ಅಲ್ಲಿ ಇದ್ದದ್ದು ಒಂದೇ ಕಟ್ಟಳೆ. ಮಾತು "ನಾನು" ಎಂದು ಶುರುವಾಗಬೇಕು. "ಅವ್ರು ಕುಡ್ಕೊಂಡ್ ಬಂದ್ರು" ಅನ್ನುವಂತಿಲ್ಲ. ನಾನು ಏನು ಮಾಡಿದೆ, ಅದನ್ನು ಹೇಳಬೇಕು. "ನಾನು ಈ ವಾರ ಅವ್ರ ರಜಾ ಚೀಟೀಲಿ ಜ್ವರ ಅಂತ ಬರೀಲಿಲ್ಲ." "ನಾನು ಬಿದ್ದೋರನ್ನ ಎತ್ತಲಿಲ್ಲ, ಎದ್ದ ಮೇಲೆ ಊಟ ಹಾಕ್ದೆ." ಕನ್ನಡ, ತಮಿಳು, ತೆಲುಗು, ಯಾವ ಮಾತಾದರೂ ಸರಿ. ಯಾರೂ "ಪಾಪ" ಅನ್ನುತ್ತಿರಲಿಲ್ಲ. ನನ್ನ ಸರದಿ ಬಂದಾಗ ಬಾಯಿ ತೆರೆದೆ. ನನ್ನಲ್ಲಿದ್ದ ಎಲ್ಲ ಮಾತುಗಳೂ "ಅವರು" ಎಂದೇ ಶುರುವಾಗುತ್ತಿದ್ದವು. "ನಾನು..." ಅಂದು ನಿಂತುಬಿಟ್ಟೆ. ಮೂರು ಶನಿವಾರ ಹೀಗೇ ಆಯಿತು. ಚೀಲ ಹೆಣೆಯುವುದು, ಬಿಚ್ಚುವುದು, ಮತ್ತೆ ಹೆಣೆಯುವುದು. ವೈರ್ ಸುಕ್ಕುಗಟ್ಟಿ ಹೋಯಿತು.

ನಾಲ್ಕನೆಯ ಶನಿವಾರ ಹೇಗೋ ಹೊರಬಂತು. "ನಾನು ಗಿಡಗಳಿಗೆ ನೀರು ಹಾಕ್ತೀನಿ. ಅವರು ಹಾಕ್ತಾರೆ ಅಂತ ನಮ್ಮಪ್ಪನಿಗೆ ಹೇಳ್ತೀನಿ. ಅವರು ಕುಡೀತಾರೆ ಅಂತ ಗೊತ್ತಾದರೆ ಅಪ್ಪ ಕುಸಿದುಬಿಡ್ತಾರೆ. ಈ ಮದುವೆ ಮಾಡಿದ್ದು ಅವರು."

ಅಕ್ಕ ನನ್ನ ಬೆನ್ನಿನ ಮೇಲೆ ಕೈಯಿಟ್ಟು ಬಹಳ ಮೆತ್ತಗೆ ಹೇಳಿದರು. "ಅವ್ರು ಯಾಕ್‌ಮಾ ಕುಸಿದು ಬೀಳ್ತಾರೆ? ನಿಮ್ ಅಪ್ಪನೂ ಕುಡಿಯೋರೇ ಅಲ್ವಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಬೆಂಚಿನಿಂದ ಎದ್ದು ನಿಂತು ಕೂಗಾಡಿದೆ. ನಮ್ಮಪ್ಪ ಹೆಂಡದಂಗಡಿಯ ನೆರಳನ್ನೂ ತುಳಿದವರಲ್ಲ, ಬಾಯಿಗೆ ಬಂದ ಹಾಗೆ ಮಾತಾಡಬೇಡಿ ಎಂದೆ.

"ಅವ್ರೇ ಹೇಳಿದ್ರಲ್ಲ ಮಾ! ನಿನ್ ಮದುವೆಗೆ ಮುಂಚೆ ವಿಚಾರಿಸೋಕೆ ಬಂದಾಗ" ಎಂದರು ಅಕ್ಕ, ಅವರಿಗೂ ಗಾಬರಿಯಾಗಿತ್ತು. ಆಗ ನಮ್ಮನೆಯವರು ಇದೇ ಮನೆಯಲ್ಲಿ ಒಬ್ಬರೇ ಇದ್ದರು. ದಾವಣಗೆರೆವರೆಗೆ ಹೋಗಿ ವಿಚಾರಿಸಲು ಅಪ್ಪನಿಗೆ ಆಗಲಿಲ್ಲ, ಪಕ್ಕದ ಮನೆಯಲ್ಲಿ ಕೇಳಿದರು. ಅಕ್ಕನಿಗೆ ಆಗ ಕನ್ನಡ ಅಷ್ಟಕ್ಕಷ್ಟೆ. ಹುಡುಗಿಯ ತಂದೆಗೆ ಮುಚ್ಚಿಡಬಾರದು ಎಂದು ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಇದ್ದದ್ದನ್ನು ಹೇಳಿದ್ದರು. "ಒಳ್ಳೇವ್ರು ಅಯ್ಯಾ, ಆದ್ರೆ ಕೊಂಜಂ ತಣ್ಣಿ ಪೋಡುವಾರ್."

ತಮಿಳರ ಬಾಯಲ್ಲಿ ಕೊಂಜಂ ಎಂದರೆ ಸ್ವಲ್ಪ, ತಣ್ಣಿ ಹಾಕುವುದು ಎಂದರೆ ಕುಡಿಯುವುದು. ಕೆ.ಜಿ.ಎಫ್.ನಲ್ಲಿ ಇದು ಗೊತ್ತಿಲ್ಲದ ಮಗುವಿಲ್ಲ. ಅಪ್ಪನಿಗೆ ಗೊತ್ತಿದ್ದ ತಮಿಳಿನಲ್ಲಿ ತಣ್ಣಿ ಎಂದರೆ ಬರೀ ನೀರು. ಆಚೆ ಈಚೆ ನೋಡಿ, ಬಾಗಿಲ ಮುಂದಿನ ತುಂಡು ನೆಲ ನೋಡಿ, ಹುಡುಗ ಗಿಡಗಳಿಗೆ ನೀರು ಹಾಕುತ್ತಾನೆ ಎಂದುಕೊಂಡಿದ್ದಾರೆ. ಹಿಗ್ಗಿ ಹೇಳಿದ್ದಾರೆ: "ಒಳ್ಳೇದೇ ಆಯ್ತಲ್ಲಮ್ಮಾ! ನಾವೂ ಆಕ್ತೀವಿ, ದಿನಾ ಎರಡೊತ್ತು. ನಮ್ಮಪ್ಪನ ಕಾಲದಿಂದಾನೂ!" ವಂಶವೇ ಎರಡು ಹೊತ್ತು ಹಾಕುವುದಾದರೆ ನಾನೇನು ಹೇಳುವುದು ಎಂದು ಅಕ್ಕ ಸುಮ್ಮನಾಗಿದ್ದಾರೆ. ನಾನು ಅಪ್ಪನನ್ನು ಮನೆಗೆ ಬಿಟ್ಟುಕೊಳ್ಳದೆ ಇದ್ದದ್ದು ಮಾವ ಅಳಿಯ ಸೇರಿ ಕುಡಿಯುತ್ತಾರೆಂಬ ಭಯಕ್ಕೆ ಎಂದು ಇಷ್ಟು ವರ್ಷ ತಿಳಿದುಕೊಂಡಿದ್ದರಂತೆ.

ಮೊದಲು ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕೋಣೆ ನಕ್ಕಿತು. ಹೊಟ್ಟೆ ಹಿಡಿದುಕೊಂಡು, ವೈರ್ ಚೀಲಗಳನ್ನು ಕೆಳಗೆ ಬೀಳಿಸಿಕೊಂಡು ನಕ್ಕರು. ನಾನೂ ನಕ್ಕೆ. ಆರು ವರ್ಷ ದಲ್ಲಾಳಿಯನ್ನು ಬೈದುಕೊಂಡು ಬದುಕಿದ್ದೆ. ಅವನ ತಪ್ಪಿಲ್ಲ. ಅಕ್ಕನ ತಪ್ಪಿಲ್ಲ. ಅಪ್ಪನದೂ ತಪ್ಪು ಅನ್ನುವಂತಿಲ್ಲ. ಬೈಯಲು ಯಾರೂ ಉಳಿಯಲಿಲ್ಲ, ಅದನ್ನು ತಡೆದುಕೊಳ್ಳುವುದು ನನ್ನಿಂದ ಆಗಲಿಲ್ಲ.

ಮನೆಗೆ ಬರುವಾಗ ಅಕ್ಕ ಒಂದೇ ಮಾತು ಹೇಳಿದರು. "ಗಿಡಕ್ಕೆ ನೀರು ಹಾಕೋದು ನಿಲ್ಸು ಮಾ. ಆ ನೀರಲ್ಲಿ ಮಗೂಗೆ ಸ್ನಾನ ಮಾಡ್ಸು."

ನಿಲ್ಲಿಸಿದೆ. ಬಿಂದಿಗೆ ಹಿಡಿದು ಬಾಗಿಲವರೆಗೆ ಬಂದು ವಾಪಸ್ಸು ಹೋಗುತ್ತಿದ್ದೆ. ಮೊದಲು ಮೆಣಸಿನ ಗಿಡ ತಲೆ ಬಾಗಿಸಿತು, ಆಮೇಲೆ ಕನಕಾಂಬರ. ನೋಡಲು ಸಂಕಟವಾಗುತ್ತಿತ್ತು. ಗಿಡಗಳೇನು ಮಾಡಿದ್ದವು ಪಾಪ? ಅಪ್ಪ ಬರುವುದರೊಳಗೆ ಎಲ್ಲವನ್ನೂ ಕಿತ್ತುಬಿಡಲೇ ಎಂದೂ ಯೋಚಿಸಿದೆ. ಹಾಗೆ ಕಿತ್ತರೆ ಅದಕ್ಕೊಂದು ಹೊಸ ಸುಳ್ಳು ಹುಡುಕಬೇಕಾಗುತ್ತಿತ್ತು.

ಆ ತಿಂಗಳು ನಾನು ಬಂಗಾರಪೇಟೆಗೆ ಹೋಗಲಿಲ್ಲ. ಅಪ್ಪನೇ ರೈಲು ಹತ್ತಿ ಬಂದರು, ಹೆಗಲ ಮೇಲೆ ಆಳುದ್ದದ ನುಗ್ಗೆ ಕೊಂಬೆ. ಬೆಳಿಗ್ಗೆ ಹತ್ತು ಗಂಟೆ. ಬಾಗಿಲಲ್ಲಿ ನಿಂತು ಒಣಗಿದ ಗಿಡಗಳನ್ನು ನೋಡಿದರು. ಒಳಗೆ ಮಂಚದ ಮೇಲೆ ಅಳಿಯ ಮಲಗಿದ್ದದ್ದು ಕಂಡು ದನಿ ತಗ್ಗಿಸಿದರು.

"ಮಲಗಿರ್ಲಿ ಬಿಡು, ನೈಟ್ ಸಿಪ್ಟು. ಕೆಲಸ ಜಾಸ್ತಿಯೇನಮ್ಮಾ? ನೀರ್ ಆಕೋಕೂ ಬಿಡುವಿಲ್ವಾ?"

ನನ್ನ ಮಗಳು ಆಗಲೇ ತುಟಿಯ ಮೇಲೆ ಬೆರಳಿಟ್ಟಿದ್ದಳು. ಆ ಬೆರಳನ್ನು ಹಿಡಿದು ಕೆಳಗಿಳಿಸಿದೆ.

"ಅಪ್ಪಾ, ನಾನು ನಿಮಗೆ ಸುಳ್ಳು ಹೇಳ್ತಾ ಬಂದಿದ್ದೀನಿ. ನೈಟ್ ಶಿಫ್ಟ್ ಇಲ್ಲ. ಕುಡಿದು ಮಲಗಿದ್ದಾರೆ. ಗಿಡಗಳಿಗೆ ಇಷ್ಟು ದಿನ ನೀರು ಹಾಕಿದ್ದು ನಾನು."

ಅಪ್ಪ ಕೊಂಬೆಯನ್ನು ಗೋಡೆಗೆ ಒರಗಿಸಿದರು. ಅದು ಜಾರಿತು. ಮತ್ತೆ ಒರಗಿಸಿದರು.

"ಯಾವಾಗಿಂದ?"

"ಮದುವೆಗೆ ಮುಂಚಿನಿಂದಾನೂ."

"ಮುಂಚಿಂದಾನಾ?" ಅವರ ದನಿ ಏರಿತು. "ನಾನ್ ಕೇಳಿದ್ನಲ್ಲಮ್ಮಾ! ಈ ಪಕ್ಕದ್ ಮನೆ ಯಮ್ಮನ್ನೇ ಕೇಳಿದ್ದೆ. ಒಳ್ಳೇವ್ರು ಅಂದ್ಲು. ಗಿಡಕ್ ನೀರ್ ಆಕ್ತಾರೆ ಅಂದ್ಲು. ಇದನ್ನ ಮುಚ್ಚಿಟ್ಲಾ?"

ನಾನು ಹಿಡಿದುಕೊಳ್ಳುವಷ್ಟರಲ್ಲಿ ಅಕ್ಕನ ಬಾಗಿಲ ಮುಂದೆ ನಿಂತಿದ್ದರು. ಜೀವಮಾನದಲ್ಲಿ ಯಾರ ಮೇಲೂ ಕೈಯೆತ್ತದ, ದನಕ್ಕೂ ಗದರದ ನಮ್ಮಪ್ಪ ಇಡೀ ಸಾಲು ಕೇಳುವಂತೆ ಕೂಗಿದರು. "ಏನಮ್ಮಾ, ನೀನು ಎಣ್ಣೆಂಗ್ಸಲ್ವಾ? ಕುಡೀತಾನೆ ಅಂತ ಒಂದ್ ಮಾತು ಏಳ್ಬಾರ್ದಾಗಿತ್ತಾ? ನನ್ ಮಗಳ್ ಬಾಳು ಆಳ್ ಮಾಡ್ಬಿಟ್ಯಲ್ಲಮ್ಮಾ!"

ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಬಾಗಿಲುಗಳಲ್ಲಿ ಜನ ನಿಂತಿದ್ದರು. ಅಕ್ಕ ಅಪ್ಪನನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಒಂದು ಮಾತು ಆಡಬೇಕಿತ್ತು. ಅವರು ಹೇಳಿದ್ದರು ಅಪ್ಪಾ, ನಿಮಗೆ ಅರ್ಥವಾಗಲಿಲ್ಲ, ಅಷ್ಟೇ. ಅಪ್ಪನ ಕತ್ತಿನ ನರ ಉಬ್ಬಿದ್ದದ್ದು ಕಂಡಿತು. ನಾನು ಬಾಯಿ ಬಿಡಲಿಲ್ಲ.

ಅಕ್ಕ ಕೈಮುಗಿದರು. "ತಪ್ಪಾಯ್ತು ಅಯ್ಯಾ. ನಾನು ಹೇಳ್ಲಿಲ್ಲ."

ಅಪ್ಪ ಇನ್ನಷ್ಟು ಬೈದರು. ಅಕ್ಕ ತಲೆ ತಗ್ಗಿಸಿ ನಿಂತೇ ಇದ್ದರು. ಬೈದು ಬೈದು ದಣಿದ ಮೇಲೆ ಅಪ್ಪ ಬಂದು ನಮ್ಮ ಮೆಟ್ಟಿಲ ಮೇಲೆ ಕೂತು, "ನಡಿಯಮ್ಮಾ ಊರಿಗೆ ಓಗೋಣ" ಎಂದರು. ನಾನು ಇಲ್ಲೇ ಇರ್ತೀನಿ, ನೀವು ಬರ್ತಾ ಇರಿ ಎಂದೆ. ಅವರು ಎದ್ದು, ಎರಡು ಮನೆಗಳ ನಡುವಿನ ಸಂದಿಯಲ್ಲಿ ಸಿಟ್ಟಿನಿಂದಲೇ ಗುಂಡಿ ತೋಡಿ ಆ ನುಗ್ಗೆ ಕೊಂಬೆಯನ್ನು ನೆಟ್ಟು ಹೋದರು.

ಮುಂದಿನ ಶನಿವಾರ ಅಕ್ಕ ತಮ್ಮ ಸರದಿಯಲ್ಲಿ ಹೇಳಿದರು: "ನಾನು ಈ ವಾರ ಒಂದು ಸುಳ್ಳು ಹೇಳ್ದೆ." ಈ ಸಲ ಯಾರೂ ನಗಲಿಲ್ಲ. ನಾನೇ ಅವರ ಮೇಲೆ ಹಾರಿಬಿದ್ದೆ, ಸುಳ್ಳು ಹೇಳಿ ಅಂತ ನಿಮಗೆ ಯಾರು ಹೇಳಿದ್ದರು ಎಂದು. ನಾಚಿಕೆಯಾದಾಗ ನನಗೆ ಬರುವುದು ಸಿಟ್ಟೇ.

"ವಯಸ್ಸಾಗಿದೆ ಮಾ ಅವ್ರಿಗೆ" ಎಂದರು ಅಕ್ಕ. "ನನ್ ಮೇಲೆ ಕೋಪ ಇದ್ರೆ ಊಟ ಮಾಡ್ತಾರೆ, ನಿದ್ದೆ ಮಾಡ್ತಾರೆ. ಅವ್ರ ಮೇಲೇ ಅವ್ರಿಗೆ ಕೋಪ ಬಂದ್ರೆ ಏನ್ ಮಾಡ್ತಾರೆ?"

ನಮ್ಮನೆಯವರು ಆ ಮಾತು ಈ ಮಾತು ಕೇಳಿ ತಕ್ಷಣ ಕುಡಿತ ಬಿಟ್ಟುಬಿಡಲಿಲ್ಲ. ಅಪ್ಪ ಪ್ರತಿ ತಿಂಗಳೂ ಮನೆಗೇ ಬರತೊಡಗಿದರು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ, ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಅಳಿಯ ಏಳುವವರೆಗೆ ಕೂತಿರುತ್ತಿದ್ದರು. ಏಳುವಾಗ ಮಾವನ ಮುಖ ನೋಡಬೇಕಾಗುತ್ತಿದ್ದದ್ದು ನಮ್ಮನೆಯವರಿಗೆ ದೊಡ್ಡ ಹಿಂಸೆ. ಆ ಚಳಿಗಾಲದಲ್ಲಿ ಅವರೇ ಕುಡಿತ ಬಿಡಿಸುವ ಆಸ್ಪತ್ರೆಗೆ ಸೇರುತ್ತೇನೆ ಎಂದರು. ನಾನು ಜೊತೆಗಿದ್ದ ಆ ವಾರಗಳಲ್ಲಿ ನನ್ನ ಮಗಳು ಶನಿವಾರದ ಹೆಂಗಸರ ಮನೆಗಳಲ್ಲಿ ಸರದಿಯ ಮೇಲೆ ಉಂಡಳು, ಮಲಗಿದಳು, ನಾಲ್ಕು ಮನೆಯ ಸಾರಿನ ರುಚಿ ಕಲಿತಳು. ನಮಗೆ ಬುತ್ತಿ ಬರುತ್ತಿದ್ದದ್ದು ವೈರ್ ಚೀಲಗಳಲ್ಲಿ. ಹೊರಬಂದವರು ಏಳು ತಿಂಗಳು ಮುಟ್ಟಲಿಲ್ಲ. ಆಮೇಲೆ ಮತ್ತೆ ಶುರು. ಮತ್ತೆ ಬಿಟ್ಟರು. ಪೂರ್ತಿ ಬಿಟ್ಟರು ಎಂದು ನಾನು ನಂಬಿದ್ದು ಎಷ್ಟೋ ವರ್ಷಗಳ ಮೇಲೆ, ಅದೂ ಸೈಕಲ್ ಸದ್ದಿಗೆ ಕಿವಿ ಕೊಡುವುದನ್ನು ಬಿಡದೆಯೇ.

ಅಪ್ಪ ಆ ತಣ್ಣಿಯ ವಿಷಯ ತಿಳಿಯದೆಯೇ ತೀರಿಕೊಂಡರು. ಹೇಳದೆ ಇದ್ದದ್ದು ಸರಿಯೋ ತಪ್ಪೋ, ಇವತ್ತಿಗೂ ನಡುಮನೆಯಿಂದ ಬಾಗಿಲಿಗೆ ಓಡಾಡುತ್ತಾ ಅದನ್ನೇ ಕೇಳಿಕೊಳ್ಳುತ್ತೇನೆ. ಆದರೆ ಅಕ್ಕನ ವಿಷಯದಲ್ಲಿ ಒಂದು ಮಾತು ಮಾತ್ರ ಆಡಿದೆ, ತಡವಾಗಿಯಾದರೂ.

ಅದು ನುಗ್ಗೆ ಮೊದಲ ಸಲ ಕಾಯಿ ಬಿಟ್ಟಾಗ. ಅಪ್ಪ ಮರದ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಾ ಹಿಗ್ಗಿದರು. "ನೋಡ್ದೇನಮ್ಮಾ, ಅಳಿಯಂದ್ರು ನೀರ್ ಆಕೋಕ್ ಸುರು ಮಾಡವ್ರೆ!"

"ಇಲ್ಲ ಅಪ್ಪಾ" ಎಂದೆ. "ಅವರು ಹಾಕಲಿಲ್ಲ, ನಾನೂ ಹಾಕಲಿಲ್ಲ. ನಾವು ಆಸ್ಪತ್ರೇಲಿದ್ವಲ್ಲ. ನೀವು ಬೈದ್ರಲ್ಲ, ಆ ಅಕ್ಕ ಹಾಕಿದ್ದು. ಅವರ ಪಾಲಿನ ನೀರು."

ಅಪ್ಪ ಕೋಲಿನಿಂದ ಕಾಯಿ ಕೆಡವಿ, ಒಳ್ಳೆಯದನ್ನೆಲ್ಲ ಆರಿಸಿ, ಪಂಚೆ ಸರಿಮಾಡಿಕೊಂಡು ಅಕ್ಕನ ಬಾಗಿಲಿಗೆ ಹೋದರು. ಹೊಸ್ತಿಲ ಮೇಲೆ ಇಟ್ಟರು. ಬಿಸಿಲಲ್ಲಿ ಅಲ್ಲೇ ನಿಂತರು. ಅಕ್ಕ ಹೊರಗೆ ಬಂದು ಕಾಯಿ ನೋಡಿದರು, ಬೆವರಿದ ಮುದುಕನನ್ನು ನೋಡಿದರು.

"ತಣ್ಣಿ ವೇಣುಮಾ ಅಯ್ಯಾ?"

"ಕೊಡ್ ತಾಯಿ" ಎಂದರು ಅಪ್ಪ, ಅವರಿಗೆ ಆ ಮಾತು ಚೆನ್ನಾಗಿಯೇ ಅರ್ಥವಾಗಿತ್ತು.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನ ಕಡೆ ನೋಡಿದರು. ನಾನು ನಗಬೇಕೆಂದುಕೊಂಡೆ, ಆಗಲಿಲ್ಲ. ಒಳಗೆ ಬಂದು ಬಾಗಿಲ ಹಿಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಹೊರಗೆ ಅಪ್ಪ ಚೊಂಬು ಖಾಲಿ ಮಾಡಿ ಇನ್ನೊಂದು ಚೊಂಬು ಕೇಳುತ್ತಿದ್ದರು.